ಬಾಲ್ಕನಿಯಲ್ಲಿ ಪಿ.ಟಿ. ಟೀಚರ್

ಶಾಲೆಯಲ್ಲಿ ನಾನೊಂದು ಸೀಟಿ ಊದಿದರೆ ಮೈದಾನದ ಮಕ್ಕಳೆಲ್ಲ ಉಸಿರು ಬಿಗಿಹಿಡಿದು ಸಾಲಾಗಿ ನಿಲ್ಲುತ್ತಿದ್ದರು. ಆಪರೇಷನ್ ಆದ ಮರುದಿನ ಆಸ್ಪತ್ರೆಯ ಮಂಚದಿಂದ ನನ್ನೊಬ್ಬಳನ್ನು ಎಬ್ಬಿಸಿ ನಿಲ್ಲಿಸಲು ಇಬ್ಬರು ನರ್ಸುಗಳು ಬೇಕಾದರು. ಅದರಲ್ಲೂ ಒಬ್ಬಳು ನನ್ನ ಹಳೆಯ ವಿದ್ಯಾರ್ಥಿನಿ. "ಮಿಸ್, ಬೆನ್ನು ನೆಟ್ಟಗೆ! ನೆಲ ನೋಡ್ಬೇಡಿ, ಎದುರಿಗೆ ನೋಡಿ," ಎಂದಳು. ಹೈಸ್ಕೂಲಿನುದ್ದಕ್ಕೂ ನಾನು ಅವಳಿಗೆ ಹೇಳಿಕೊಂಡು ಬಂದಿದ್ದ ಮಾತು. ಬಡ್ಡಿ ಸಮೇತ ವಾಪಸ್ ಕೊಟ್ಟಳು.

ನಾನು ಪಿ.ಟಿ. ಟೀಚರ್. ಕಾಲೇಜಿನಲ್ಲಿ ಎತ್ತರ ಜಿಗಿತದಲ್ಲಿ ಪದಕ ಗೆದ್ದವಳು. ಮೊಣಕಾಲು ತರಚಿಕೊಂಡು ಅಳುತ್ತ ಬರುವ ಮಕ್ಕಳಿಗೆ, "ನೋವು ಅನ್ನೋದೆಲ್ಲ ಮನಸ್ಸಲ್ಲಿರುತ್ತೆ, ಹೋಗು, ಓಡು" ಎಂದು ಹೇಳಿ ಕಳಿಸುತ್ತಿದ್ದವಳು. ಹೊಟ್ಟೆ ಕೊಯ್ದು ಮಗು ತೆಗೆದ ಮೇಲೆ ಮೊದಲ ಸಲ ಕೆಮ್ಮು ಬಂತು ನೋಡಿ, ನೋವಿಗೂ ಮನಸ್ಸಿಗೂ ಮುಖಪರಿಚಯ ಕೂಡ ಇಲ್ಲ ಎಂದು ಆಗ ಗೊತ್ತಾಯಿತು. ಸೀನಂತೂ ಬಿಡಿ, ಮೂಗು ತುರಿಸಿದರೆ ಸಾಕು, ಕೈ ತಾನಾಗಿ ದಿಂಬು ಹುಡುಕುತ್ತಿತ್ತು. ದಿಂಬನ್ನು ಹೊಟ್ಟೆಗೆ ಒತ್ತಿ ಹಿಡಿದುಕೊಂಡೇ ಸೀನಬೇಕು, ಕೆಮ್ಮಬೇಕು, ನಗಬೇಕು. ಮನೆಯೊಳಗೆ ನಾನು ಹೋದಲ್ಲೆಲ್ಲ ಒಂದು ದಿಂಬು ನನ್ನ ಜೊತೆ ಬರುತ್ತಿತ್ತು.

ಮನೆಗೆ ಕಳಿಸುವಾಗ ಡಾಕ್ಟರಮ್ಮ, "ಪಾಪುಗಿಂತ ಭಾರದ್ದು ಏನನ್ನೂ ಎತ್ತಬೇಡಿ" ಎಂದಿದ್ದರು. ಅವರು ಹೇಳಿದ್ದು ಬಕೆಟ್ಟು, ಚೀಲ, ಕುರ್ಚಿಯ ವಿಷಯ ಇರಬೇಕು. ಆದರೆ ನಮ್ಮ ಮನೆಯಲ್ಲಿ ಪಾಪುಗಿಂತ ಭಾರದ್ದು ಒಂದು ತನ್ನಷ್ಟಕ್ಕೆ ಓಡಾಡಿಕೊಂಡಿತ್ತು. ಎರಡೂವರೆ ವರ್ಷದ ಮಗ. ಅಲ್ಲಿಯವರೆಗೆ ಅವನು 'ಚಿನ್ನು'. ತಂಗಿ ಹುಟ್ಟಿದ ದಿನ ಯಾರೂ ಅವನನ್ನು ಕೇಳದೆ ಬಡ್ತಿ ಕೊಟ್ಟು 'ದೊಡ್ಡೋನು' ಮಾಡಿಬಿಟ್ಟೆವು. ಬಡ್ತಿಯ ಜೊತೆ ಅವನಿಗೆ ಸಿಕ್ಕಿದ್ದು ಏನು? ಎತ್ತಿಕೊಳ್ಳದ ಅಮ್ಮ. ಅವನು ಎರಡೂ ಕೈ ಮೇಲೆತ್ತಿ, "ಎತ್ಕೋ" ಅನ್ನುತ್ತಿದ್ದ. ನಾನು, "ಅಮ್ಮಂಗೆ ಕೆಲ್ಸ ಇದೆ ಕಂದ, ಆಮೇಲೆ" ಅನ್ನುತ್ತಿದ್ದೆ. ಮತ್ತೆ ಬಂದರೆ, "ಪಾಪು ಮಲಗ್ಲಿ, ಆಮೇಲೆ." ನನಗೆ ನೋವಿದೆ ಎಂದು ಮಾತ್ರ ಹೇಳಲಿಲ್ಲ. ಅಮ್ಮ ಎಂದರೆ ಬೆಟ್ಟ ಇದ್ದ ಹಾಗೆ, ಮಗು ಹೆದರಬಾರದು ಎಂಬುದು ನನ್ನ ಸಿದ್ಧಾಂತ. ಬೆಟ್ಟ ಅಷ್ಟು ಹೊತ್ತಿಗೆ ಗೋಡೆ ಹಿಡಿದು ನಡೆಯುತ್ತಿತ್ತು ಅನ್ನುವುದು ಬೇರೆ ಮಾತು.

ಗಂಡ ಮುದ್ರಣಾಲಯದಲ್ಲಿ ಕೆಲಸ ಮಾಡುತ್ತಾನೆ. ಅವನ ರಜೆ ಕಣ್ಣು ಮುಚ್ಚಿ ತೆರೆಯುವುದರೊಳಗೆ ಮುಗಿಯಿತು. ನನ್ನ ಅಮ್ಮ ತೀರಿಕೊಂಡು ವರ್ಷಗಳಾಗಿದ್ದವು. ಬರಬೇಕಾಗಿದ್ದ ಅತ್ತೆ ಮೆಟ್ಟಿಲಿಂದ ಜಾರಿ ಬಲಗೈ ಮುರಿದುಕೊಂಡು ನಾದಿನಿಯ ಮನೆಯಲ್ಲಿದ್ದರು. ಫೋನ್ ಮಾಡಿ, "ನನ್ನ ಬದ್ಲು ನಿಮ್ಮ ಮಾವನ್ನ ಕಳಿಸ್ತಿದೀನಿ ಕಣಮ್ಮ. ಹೇಳಿದ್ದು ಮಾಡ್ತಾರೆ, ಹೇಳ್ದೇ ಇದ್ರೆ ಮಾತ್ರ ಕೂತಲ್ಲೇ ಇರ್ತಾರೆ, ಸ್ವಲ್ಪ ಅಡ್ಜಸ್ಟ್ ಮಾಡ್ಕೋ," ಎಂದರು, ಹೊಸ ಮಿಕ್ಸಿ ಕಳಿಸುವವರ ಹಾಗೆ.

ಮಾವ ಬಂದರು. ಜೀವಮಾನವಿಡೀ ಲಿಫ್ಟ್ ಮೆಕ್ಯಾನಿಕ್ ಆಗಿದ್ದವರು. ಮಾತು ಕಡಿಮೆ. ಬಂದ ದಿನವೇ ನಾನು ಸೋಫಾದಿಂದ ಏಳುವುದನ್ನು ಗಮನವಿಟ್ಟು ನೋಡಿದರು. ಮೊದಲು ಒಂದು ಮಗ್ಗುಲು, ಆಮೇಲೆ ಒಂದು ಕೈ, ಆಮೇಲೆ ನರಳಾಟ, ನಡುವೆ ಒಂದು ಬಿಡುವು, ಆಮೇಲೆ ಉಳಿದ ನಾನು. "ಮಧ್ಯದಲ್ಲಿ ಎಲ್ಲೋ ಸಿಕ್ಕಾಕೊಳ್ತಿದೆ," ಎಂದರು ಗಂಭೀರವಾಗಿ. ನನಗೆ ನಗು ಬಂತು. ದಿಂಬು ಕೈಗೆ ಸಿಗಲಿಲ್ಲ. ಕಣ್ಣಲ್ಲಿ ನೀರು ಬಂದುಬಿಟ್ಟಿತು. ಪಾಪ, ಅವರು ಹೆದರಿ ಹೋದರು.

ಅವರು ಏನು ಮಾಡಲು ಬಂದರೂ ನನ್ನ ಬಾಯಲ್ಲಿ ಒಂದೇ ಮಾತು: "ಬಿಡಿ ಮಾವ, ನಂಗಾಗುತ್ತೆ." ಹಾಲು ಕಾಯಿಸಲೇ? ನಂಗಾಗುತ್ತೆ. ನೆಲ ಒರೆಸಲೇ? ನಂಗಾಗುತ್ತೆ. ದೊಡ್ಡೋನಿಗೆ ಸ್ನಾನ ಮಾಡಿಸಲೇ? ನಂಗಾಗುತ್ತೆ. ಕೊನೆಗೆ ಅದೆಲ್ಲ ಆಗುತ್ತಿದ್ದುದು ಅವರಿಂದಲೇ, ಆದರೆ ನಾನು ಅರ್ಧ ಕೆಡಿಸಿಟ್ಟ ಮೇಲೆ. ಸಹಾಯ ಕೇಳುವುದು ಎಂದರೆ ನನಗೆ ಓಟದ ಮಧ್ಯೆ ಟ್ರ್ಯಾಕ್ ಬಿಟ್ಟು ಆಚೆ ಬಂದ ಹಾಗೆ.

ಒಂದು ಕೆಲಸವನ್ನಂತೂ ಅವರಿಗೆ ಖಂಡಿತ ಬಿಡುವಂತಿರಲಿಲ್ಲ. ನನ್ನ ಒಳಉಡುಪು ಒಣಗಿಸುವುದು. ಹೆರಿಗೆಯ ನಂತರದ ಒಳಉಡುಪು ಎಂದರೆ ಅಂಗಡಿಯ ಗಾಜಿನ ಹಿಂದೆ ತೂಗುಹಾಕುವಂಥದ್ದಲ್ಲ. ಸಣ್ಣ ದೋಣಿಗೆ ಹಾಯಿ ಕಟ್ಟಬಹುದು, ಅಷ್ಟು ಅಗಲ. ಜೊತೆಗೆ ಹೊಟ್ಟೆಗೆ ಬಿಗಿಯುವ ಆ ಉದ್ದನೆಯ ಪಟ್ಟಿ, ಒಂದು ಮೈಮೇಲಿದ್ದರೆ ಇನ್ನೊಂದು ಒಗೆತಕ್ಕೆ. ಇವನ್ನೆಲ್ಲ ಮಾವ ಕ್ಲಿಪ್ ಹಾಕಿ ಒಣಗಿಸುವ ದೃಶ್ಯ ನೆನೆದರೇ ನನಗೆ ನಾಚಿಕೆಯಿಂದ ಮೈ ಹಿಡಿಯಷ್ಟಾಗುತ್ತಿತ್ತು. ಹಾಗಾಗಿ ಆ ದಿನ ಬೆಳಿಗ್ಗೆ, ಪಾಪು ಹಾಲು ಕುಡಿದು ಮಲಗಿದ ಮೇಲೆ, "ಮಾವ, ಡೈಪರ್ ಮುಗೀತಾ ಬಂತು, ಅಂಗಡಿಗೆ ಹೋಗಿ ಬರ್ತೀರಾ?" ಎಂದೆ. ಡೈಪರ್ ಕಪಾಟಿನ ತುಂಬ ಇತ್ತು.

"ಕೀ ತಗೊಂಡು ಹೋಗಿ. ಬಾಗ್ಲು ಎಳೆದ್ರೆ ಲಾಕ್ ಆಗುತ್ತೆ," ಎಂದೆ.

"ಕೀ ಯಾಕಮ್ಮ? ನೀನಿರ್ತೀಯಲ್ಲ," ಎಂದು ಹೊರಟರು.

ಅವರು ಮೆಟ್ಟಿಲು ಇಳಿದಿದ್ದನ್ನು ಕೇಳಿಸಿಕೊಂಡು, ಬಟ್ಟೆಯ ಬುಟ್ಟಿಯನ್ನು ಕಾಲಿನಿಂದ ತಳ್ಳುತ್ತ ಬಾಲ್ಕನಿಗೆ ಬಂದೆ. ಎತ್ತಬಾರದು ಎಂದಿದ್ದರು, ಒದೆಯಬಾರದು ಎಂದಿರಲಿಲ್ಲ. ಮೊದಲನೇ ಮಹಡಿಯ ಪುಟ್ಟ ಬಾಲ್ಕನಿ. ಅದಕ್ಕೂ ಹಾಲ್‌ಗೂ ನಡುವೆ ಗಾಜಿನ ಬಾಗಿಲು, ಅದರ ಮೇಲೊಂದು ತೆರೆದ ಗಾಳಿಕಿಂಡಿ. ಒಂದೊಂದೇ ಬಟ್ಟೆ ತೆಗೆದು, ಪ್ರತಿಯೊಂದಕ್ಕೂ ಅರ್ಧ ಬಗ್ಗಿ, ಅರ್ಧ ಎದ್ದು, ತಂತಿಗೆ ಸಿಕ್ಕಿಸಿದೆ. ಕೊನೆಯ ಕ್ಲಿಪ್ ಹಾಕುವಾಗ ಹಿಂದೆ 'ಟಕ್' ಎಂದು ಶಬ್ದವಾಯಿತು.

ದೊಡ್ಡೋನು ಒಳಗಿನಿಂದ ಚಿಲಕ ಹಾಕಿದ್ದ. ಗಾಜಿಗೆ ಮೂಗು ಒತ್ತಿಕೊಂಡು ನನ್ನನ್ನು ನೋಡುತ್ತಿದ್ದ.

"ದೊಡ್ಡೋನೇ, ಬಾಗ್ಲು ತೆಗಿ."

"ಇಲ್ಲ."

"ಬಾಗ್ಲು ತೆಗಿ ಅಂದೆ!"

"ಅಮ್ಮಂಗೆ ಕೆಲ್ಸ ಇದೆ," ಎಂದ ಅವನು. "ಆಮೇಲೆ."

ನನ್ನದೇ ಧಾಟಿ. ಮುಖದ ಮೇಲಿನ ಆ ಸಮಾಧಾನವೂ ನನ್ನದೇ. ಸರಿ, ನಾನೂ ಇಂಥವರನ್ನು ಬೇಕಾದಷ್ಟು ನೋಡಿದವಳು ಎಂದುಕೊಂಡು ಮೈದಾನದ ದನಿ ತೆಗೆದೆ. "ಮೂರು ಎಣಿಸೋದ್ರೊಳಗೆ ಬಾಗ್ಲು ತೆಗೀಬೇಕು. ಒಂದು... ಎರಡು..."

"ಮೂರು, ನಾಕು, ಹತ್ತು!" ಎಂದು ಅವನೇ ಮುಗಿಸಿ ಚಪ್ಪಾಳೆ ತಟ್ಟಿದ.

ಬೆದರಿಕೆ ನಡೆಯದಿದ್ದಾಗ ಲಂಚ. "ಬಾಗ್ಲು ತೆಗೆದ್ರೆ ಬಿಸ್ಕತ್ ಕೊಡ್ತೀನಿ."

"ಎಲ್ಲಿದೆ?"

"ಸೋಫಾ ಹಿಂದೆ, ನೀಲಿ ಡಬ್ಬಿಲಿ," ಎಂದುಬಿಟ್ಟೆ. ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡು ಏನು ಪ್ರಯೋಜನ? ಅವನು ಹೋಗಿ ಡಬ್ಬಿ ಎಳೆದು, ಗಾಜಿನಾಚೆ ಚಕ್ಕಳಮಕ್ಕಳ ಹಾಕಿ ಕೂತು, ನನ್ನೆದುರೇ ಬಿಸ್ಕತ್ತು ತಿನ್ನತೊಡಗಿದ. ಅವನ ಪಕ್ಕದಲ್ಲಿ, ಸೋಫಾದ ಮೇಲೆ, ನನ್ನ ಫೋನು ಆರಾಮವಾಗಿ ಮಲಗಿತ್ತು.

ಕೆಳಗೆ ನಮ್ಮ ಕಟ್ಟಡದ ಗೇಟಿಗೆ ಒಬ್ಬ ಪೇಂಟರ್ ಬಣ್ಣ ಹಚ್ಚುತ್ತಿದ್ದ. ನನ್ನ ಕೂಗಾಟ ಕೇಳಿ ತಲೆಯೆತ್ತಿದ. "ಏನ್ ಮೇಡಂ, ಬಾಗ್ಲು ಹಾಕ್ಕೊಂಡ್ಬಿಡ್ತಾ? ಏಣಿ ಇದೆ, ಹಾಕ್ಲಾ?"

ನಾನೇನು ಹೇಳಬೇಕು? ಕಲೆಯಾದ ನೈಟಿ, ಎಣ್ಣೆಗಟ್ಟಿದ ತಲೆ, ಹಿಂದೆ ಹಾರಾಡುತ್ತಿರುವ ಹಾಯಿಗಳು. ಆ ಸ್ಥಿತಿಯಲ್ಲೂ ಬಾಯಿ ತಾನಾಗಿ ಹೇಳಿತು: "ಬೇಡಪ್ಪ, ನಂಗಾಗುತ್ತೆ."

ಏನಾಗುತ್ತೆ? ಪಕ್ಕದ ಮನೆಯ ಬಾಲ್ಕನಿಯನ್ನು ಕಣ್ಣಲ್ಲೇ ಅಳೆದೆ. ನಡುವಿನ ಅಂತರ ದೊಡ್ಡದೇನಲ್ಲ. ಪದಕ ಗೆದ್ದವಳಿಗೆ ಇದ್ಯಾವ ಲೆಕ್ಕ ಎಂದು ಒಂದು ಕಾಲನ್ನು ಕಟಕಟೆಯತ್ತ ಎತ್ತಿದೆ. ಮಂಡಿಯೆತ್ತರಕ್ಕೆ ಬರುವ ಮೊದಲೇ ಹೊಲಿಗೆಗಳೆಲ್ಲ ಒಟ್ಟಾಗಿ ತಕರಾರು ತೆಗೆದವು. ಕಾಲನ್ನು ಮೆಲ್ಲಗೆ, ಯಾರೂ ನೋಡದ ಹಾಗೆ, ಕೆಳಗಿಟ್ಟೆ. ಪೇಂಟರ್ ನೋಡಿದ್ದ. ಸಭ್ಯಸ್ಥ, ಗೇಟಿನ ಕಡೆ ತಿರುಗಿಕೊಂಡ.

ಅಷ್ಟರಲ್ಲಿ ಪಾಪು ಎದ್ದು ಅಳತೊಡಗಿತು. ಮಗು ಅತ್ತದ್ದೇ ತಡ, ನೈಟಿಯ ಮುಂಭಾಗ ಒದ್ದೆಯಾಯಿತು. ಮಗು ಒಳಗೆ, ಹಾಲು ಹೊರಗೆ. ಅದೇ ಹೊತ್ತಿಗೆ ಮುಂಬಾಗಿಲಿನ ಕರೆಗಂಟೆ ಸದ್ದಾಯಿತು.

"ತಾತ ಬಂದ್ರು!" ಎಂದು ದೊಡ್ಡೋನು ಓಡಿದ. ಆ ಬಾಗಿಲಿನ ಚಿಲಕ ಅವನಿಗೆ ಎಟಕುವುದಿಲ್ಲ. ಪತ್ರ ಹಾಕುವ ಸಂದಿಗೆ ಬಾಯಿಟ್ಟು ಕೂಗಿದ: "ತಾತಾ, ಅಮ್ಮ ಆಚೆ!"

"ಆಚೆನಾ? ಎಲ್ಲಿ ಆಚೆ? ನಾನೂ ಆಚೆ ಇದೀನಲ್ಲೋ. ಮತ್ತೆ ಒಳಗೆ ಯಾರಿದಾರೆ?"

"ನಾನು!" ಎಂದ ದೊಡ್ಡೋನು. ಬಡ್ತಿ ಸಿಕ್ಕ ಮೇಲೆ ಮೊದಲ ಸಲ ಅದರ ರುಚಿ ಹತ್ತಿದ ಹಾಗಿತ್ತು ಆ ದನಿ.

"ಮಾವಾ, ಬಾಲ್ಕನಿಲಿ ಸಿಕ್ಕಾಕೊಂಡಿದೀನಿ!" ಎಂದು ನಾನು ಗಾಳಿಕಿಂಡಿಯತ್ತ ಕಿರುಚಿದೆ. ಮುಂಬಾಗಿಲ ಆಚೆಯಿಂದ ಏನೋ ಉತ್ತರ ಬಂತು. ಪಾಪುವಿನ ಅಳುವಿನಲ್ಲಿ ಕೇಳಿಸಲಿಲ್ಲ. ಆಮೇಲೆ ಮೆಟ್ಟಿಲಿಳಿಯುವ ಚಪ್ಪಲಿಯ ಸದ್ದು.

ದೊಡ್ಡೋನು ಹಾಲ್‌ಗೆ ವಾಪಸ್ ಬಂದ. ತೊಟ್ಟಿಲಿನೊಳಗೆ ಇಣುಕಿದ. ನನಗೆ ಬಗ್ಗಲು ಆಗುವುದಿಲ್ಲವೆಂದು ಆ ತೊಟ್ಟಿಲನ್ನು ಗಂಡ ಮೇಜಿನೆತ್ತರಕ್ಕೆ ಏರಿಸಿಟ್ಟಿದ್ದ. "ಪಾಪು, ಅಳ್ಬೇಡ," ಎಂದು ದೊಡ್ಡೋನು ಅದಕ್ಕೆ ಹೇಳುವುದು ಕೇಳಿಸಿತು. "ಅಮ್ಮ ಆಚೆ ಇದಾಳೆ. ನಾನು ನಿನ್ನ ಅಮ್ಮಂಗೆ ಕೊಡ್ತೀನಿ."

ಸ್ಟೂಲು ಎಳೆದುಕೊಂಡು ಬಂದ. ಹತ್ತಿದ. ಪಾಪುವಿನ ಕಂಕುಳಿಗೆ ಎರಡೂ ಕೈ ಹಾಕಿದ.

"ಏಯ್! ಬಿಡು! ಮುಟ್ಬೇಡ!" ಎಂದು ಅರಚಿದೆ. ಮೈದಾನದ ಆ ತುದಿಯ ಮಕ್ಕಳೂ ಕಲ್ಲಾಗಿ ನಿಲ್ಲುವಂಥ ಅರಚು. ಅವನು ಬೆಚ್ಚಿಬಿದ್ದ. ಸ್ಟೂಲು ಅಲ್ಲಾಡಿತು. ಕೆಳತುಟಿ ಮುಂದೆ ಬಂತು. ಪಾಪುವನ್ನು ಮಾತ್ರ ಬಿಡಲಿಲ್ಲ, ಇನ್ನೂ ಬಿಗಿಯಾಗಿ ಹಿಡಿದುಕೊಂಡ. ಗಾಜು ಒಡೆಯೋಣವೆಂದರೆ ಚೂರುಗಳೆಲ್ಲ ಒಳಗೇ ಬೀಳುತ್ತವೆ.

ಗಾಜಿಗೆ ಕೈಯೂರಿ ಮೆಲ್ಲಗೆ ನೆಲಕ್ಕೆ ಇಳಿದು ಕೂತೆ. ದನಿಯೂ ನನ್ನ ಜೊತೆ ಕೆಳಗಿಳಿಯಿತು.

"ಚಿನ್ನು," ಎಂದೆ. "ಅಮ್ಮಂಗೆ ತುಂಬಾ ನೋವಾಗ್ತಿದೆ ಕಣೋ. ನನ್ ಕೈಲಿ ಆಗ್ತಿಲ್ಲ. ನೀನು ಬಂದು ನಂಗೆ ಸ್ವಲ್ಪ ಸಹಾಯ ಮಾಡ್ತೀಯಾ?"

ಗಂಡನ ಮುಂದೆ, ಮಾವನ ಮುಂದೆ, ಡಾಕ್ಟರಮ್ಮನ ಮುಂದೆ ಹೇಳದ ಮಾತು ಅದು. ಬಿಸ್ಕತ್ತಿನ ಪುಡಿ ಮೆತ್ತಿಕೊಂಡಿದ್ದ ಈ ಮನುಷ್ಯನ ಮುಂದೆ ಬಾಯಿಗೆ ಬಂತು.

ಅವನು ಪಾಪುವಿನ ಕಡೆ ನೋಡಿದ, ನನ್ನ ಕಡೆ ನೋಡಿದ. ಕೈ ಬಿಟ್ಟ. ಸ್ಟೂಲಿನಿಂದ ಹಿಮ್ಮುಖವಾಗಿ ಇಳಿದು ಗಾಜಿನ ಹತ್ತಿರ ಬಂದು ಕೂತ.

"ಎಲ್ಲಿ ನೋವು?"

ಬಟ್ಟೆಯ ಬುಟ್ಟಿಯನ್ನು ರಸ್ತೆಯ ಕಡೆ ಮರೆಯಾಗಿಟ್ಟುಕೊಂಡು ನೈಟಿ ಸರಿಸಿ, ಪಟ್ಟಿಯನ್ನು ಸ್ವಲ್ಪ ಕೆಳಗೆ ಮಾಡಿ ತೋರಿಸಿದೆ. "ಇಲ್ಲಿ. ಪಾಪು ಇಲ್ಲಿಂದ ಆಚೆ ಬಂತು. ಡಾಕ್ಟರಮ್ಮ ಕತ್ತರಿಸಿ, ಆಮೇಲೆ ಹೊಲಿದ್ರು."

ಅವನು ಗಾಜಿಗೆ ಹಣೆ ಹಚ್ಚಿ ನೋಡಿದ. "ಶರ್ಟ್ ಥರಾ?"

"ಹೂಂ, ಶರ್ಟ್ ಥರಾ."

"ಗುಂಡಿ ಎಲ್ಲಿ?"

ಹೊಕ್ಕುಳು ತೋರಿಸಿದೆ. ಅವನಿಗೆ ಅದು ಸರಿಯೆನಿಸಿತು. ತನ್ನ ಅಂಗಿ ಎತ್ತಿ ತನ್ನ ಗುಂಡಿಯೂ ಅಲ್ಲೇ ಇದೆಯೇ ಎಂದು ಖಾತ್ರಿ ಮಾಡಿಕೊಂಡ.

"ಅದಕ್ಕೇ ನಿನ್ನ ಎತ್ಕೊಳ್ಳೋಕೆ ಆಗ್ತಿಲ್ಲ," ಎಂದೆ. "ಕೆಲ್ಸ ಇದೆ ಅಂದಿದ್ದು ಸುಳ್ಳು. ಹೊಲಿಗೆ ಬಿಚ್ಕೊಳ್ಳುತ್ತೆ ಅಂತ. ನಿನ್ನ ಮೇಲೆ ಕೋಪ ಇಲ್ಲ."

"ಪಾಪು ಮೇಲೆ ಕೋಪಾನಾ?" ಎಂದು ಕೇಳಿದ, ಸ್ವಲ್ಪ ಆಸೆಯಿಂದ.

"ಅದ್ರ ಮೇಲೂ ಇಲ್ಲ."

ಅವನು ನಿಟ್ಟುಸಿರು ಬಿಟ್ಟ. ಆಮೇಲೆ ಎದ್ದು ನಿಂತು, ಎರಡೂ ಕೈಯಲ್ಲಿ ಚಿಲಕ ಹಿಡಿದು, ನಾಲಿಗೆ ಹೊರಚಾಚಿ, ಮುಖ ಕೆಂಪಗೆ ಮಾಡಿಕೊಂಡು ಎಳೆದ. ಒಂದು ಸಲ ಆಗಲಿಲ್ಲ. ಕೈಯನ್ನು ಚಡ್ಡಿಗೆ ಒರೆಸಿಕೊಂಡು ಮತ್ತೆ ಎಳೆದ. 'ಟಕ್.'

ಆ ಶಬ್ದಕ್ಕಿಂತ ಚೆಂದದ ಶಬ್ದ ನಾನು ಯಾವ ಕ್ರೀಡಾಕೂಟದಲ್ಲೂ ಕೇಳಿಲ್ಲ. ಮಂಡಿಯೂರಿಕೊಂಡೇ ಒಳಗೆ ಬಂದು, ತೊಟ್ಟಿಲ ಅಂಚು ಹಿಡಿದು ಎದ್ದು, ಪಾಪುವನ್ನು ಎತ್ತಿಕೊಂಡು ಸೋಫಾಕ್ಕೆ ಒರಗಿದೆ. ಪಾಪು ಹಾಲಿಗೆ ಬಾಯಿ ಹಾಕಿತು. ದೊಡ್ಡೋನು ತಾನೇ ಸೋಫಾ ಹತ್ತಿ, ಹೊಲಿಗೆಗೆ ತಾಗದ ಕಡೆ ಆರಿಸಿಕೊಂಡು, ನನ್ನ ತೋಳಿಗೆ ತಲೆಯಿಟ್ಟ. ತಂಗಿ ಬಂದ ಮೇಲೆ ಅವನು ಹಾಗೆ ಹತ್ತಿರ ಬಂದಿರಲೇ ಇಲ್ಲ. ಇತ್ತೀಚೆಗೆ ಬಿದ್ದರೂ 'ತಾತಾ' ಎಂದೇ ಅಳುತ್ತಿದ್ದ. ಅದನ್ನು ಕೇಳಿದಾಗೆಲ್ಲ, ಸದ್ಯ, ನನಗೆ ಕೆಲಸ ಕಡಿಮೆಯಾಯಿತು ಎಂದು ನನಗೆ ನಾನೇ ಹೇಳಿಕೊಂಡು, ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತು ಬರುತ್ತಿದ್ದೆ. ಈಗ ಅವನ ತಲೆಯ ಭಾರಕ್ಕೆ ತೋಳು ಜೋಮುಹಿಡಿಯುತ್ತಿತ್ತು. ಹಿಡಿಯಲಿ ಎಂದು ಸುಮ್ಮನೆ ಕೂತೆ.

ಆಗ ಬಾಲ್ಕನಿಯ ಕಟಕಟೆಗೆ ಏನೋ ಠಣ್ ಎಂದು ತಾಗಿತು. ಪೇಂಟರನ ಏಣಿ. ಕೆಳಗಿನಿಂದ ಅವನ ದನಿ: "ಯಜಮಾನ್ರೇ, ನಾನೇ ಹತ್ತೀನಿ ಅಂದ್ನಲ್ಲ! ಇಳೀರಿ!"

"ಲಿಫ್ಟ್ ಗುಂಡಿಯೊಳಗೆ ಇಳಿದು ಹತ್ತಿ ಮಾಡಿದೋನು ಕಣಯ್ಯ ನಾನು. ಏಣಿ ಹಿಡ್ಕೋ ಗಟ್ಟಿಯಾಗಿ," ಎಂದು ಇನ್ನೊಂದು ದನಿ. ಏಣಿ ಕಿರುಗುಟ್ಟಿತು. ನೋಡುತ್ತಿದ್ದಂತೆ ಮಾವನ ತಲೆ ಬಾಲ್ಕನಿಯಂಚಿನಲ್ಲಿ ಉದಯವಾಯಿತು. ಎಲ್ಲಿ ಅಂತೀರಿ? ಸರಿಯಾಗಿ ನನ್ನ ಆ ಎರಡು ಹಾಯಿಗಳ ನಡುವೆ. ಒಂದು ತುದಿ ಅವರ ಹಣೆ ಸವರಿತು. ಹೊಟ್ಟೆಪಟ್ಟಿ ಕೊರಳಿನ ಸುತ್ತ ಬಂತು. ಕತ್ತಿನಲ್ಲಿ ಡೈಪರ್ ಚೀಲ ನೇತಾಡುತ್ತಿತ್ತು.

ಅವರಿಗೆ ತಾವು ಎಲ್ಲಿದ್ದೇವೆಂದು ಅರ್ಥವಾಗಲು ಒಂದು ಕ್ಷಣ ಹಿಡಿಯಿತು. ಅರ್ಥವಾದದ್ದೇ ತಡ, ಗಟ್ಟಿಯಾಗಿ ಕಣ್ಣು ಮುಚ್ಚಿಕೊಂಡುಬಿಟ್ಟರು.

"ನಾನೇನೂ ನೋಡಿಲ್ಲಮ್ಮ!"

"ಕಣ್ಣು ತೆಗೀರಿ ಮಾವಾ! ಏಣಿ ಮೇಲಿದೀರಿ, ಬೀಳ್ತೀರಿ!"

"ಪರ್ವಾಗಿಲ್ಲ, ಅಭ್ಯಾಸ ಇದೆ," ಎನ್ನುತ್ತ ಕಣ್ಣು ಮುಚ್ಚಿಕೊಂಡೇ ಒಂದು ಕಾಲನ್ನು ಕಟಕಟೆಯ ಮೇಲೆ ಹಾಕಿದರು. ಅಲ್ಲಿಗೆ ನಿಂತಿತು. ಆ ಕಾಲು ಈಚೆಗೂ ಬರಲಿಲ್ಲ, ಆಚೆಗೂ ಹೋಗಲಿಲ್ಲ. ಕುದುರೆಯೇರಿದವರ ಹಾಗೆ ಕೂತುಬಿಟ್ಟರು.

"ಮಧ್ಯದಲ್ಲಿ ಎಲ್ಲೋ ಸಿಕ್ಕಾಕೊಳ್ತಿದೆ," ಎಂದೆ ನಾನು. ಅಷ್ಟೇ. ಹೊಟ್ಟೆಯೊಳಗಿಂದ ನಗು ಉಕ್ಕಿತು. ದಿಂಬು ದೂರ, ತೋಳಲ್ಲಿ ಪಾಪು, ಇನ್ನೊಂದು ತೋಳಲ್ಲಿ ದೊಡ್ಡೋನು. "ಅಯ್ಯೋ, ಅಮ್ಮಾ, ಸತ್ತೆ" ಎನ್ನುತ್ತ ನಕ್ಕೆ. ನೋವು ಒಂದು ಕಡೆ, ನಗು ಒಂದು ಕಡೆ. ದೊಡ್ಡೋನು ನನ್ನ ಮುಖ ನೋಡಿ, ಓಡಿಹೋಗಿ ದಿಂಬು ತಂದು ಹೊಟ್ಟೆಗೆ ಒತ್ತಿ ಹಿಡಿದ. ಆಮೇಲೆ ಬಾಲ್ಕನಿಗೆ ಹೋಗಿ, ಕಣ್ಣು ಮುಚ್ಚಿದ್ದ ತಾತನ ಚಪ್ಪಲಿ ಹಿಡಿದು, "ಇಲ್ಲಿ ಕಾಲಿಡು ತಾತ, ಇಲ್ಲಿ," ಎಂದು ದಾರಿ ತೋರಿಸಿದ. ಪೇಂಟರ್ ಹಿಂದಿನಿಂದ ಹತ್ತಿ ಬಂದು ಇನ್ನೊಂದು ಕಾಲನ್ನು ದಾಟಿಸಿದ.

ಒಳಗೆ ಬಂದು ನೀರು ಕುಡಿದು ಸುಧಾರಿಸಿಕೊಂಡ ಮೇಲೆ ಮಾವ ಬಾಯಿಬಿಟ್ಟರು. "ಕ್ಲಿಪ್ ಸರಿಯಾಗಿ ಹಾಕಿಲ್ಲ ನೀನು. ಗಾಳಿಗೆ ಹಾರಿ ಹೋಗುತ್ತೆ. ನಾಳೆಯಿಂದ ಬುಟ್ಟಿ ಅಲ್ಲಿಡು, ನಾನು ಒಣಗಿಸ್ತೀನಿ."

'ನಂಗಾ—' ಎಂದು ಶುರುಮಾಡಿದ್ದೆ. ನುಂಗಿಕೊಂಡೆ. "ಸರಿ ಮಾವ," ಎಂದೆ.

ಅವರು ಡೈಪರ್ ಇಡಲು ಕಪಾಟು ತೆರೆದರು. ಮೇಲಿನಿಂದ ಕೆಳಗಿನವರೆಗೆ ತುಂಬಿದ್ದ ಪೊಟ್ಟಣಗಳನ್ನು ನೋಡಿದರು. ನನ್ನ ಕಡೆ ತಿರುಗಿದರು. ಹೊಸ ಪೊಟ್ಟಣವನ್ನು ಹೇಗೋ ಒತ್ತಿ ಒಳಗೆ ತುರುಕಿ ಬಾಗಿಲು ಹಾಕಿದರು.

ಸಂಜೆ ಗಂಡ ಬಂದ. ಬೆರಳ ತುದಿಯೆಲ್ಲ ಮಸಿ. "ಏನ್ ವಿಶೇಷ ಇವತ್ತು?" ಎಂದ. "ಏನಿಲ್ಲ," ಎಂದರು ಮಾವ. "ಅಮ್ಮಂಗೆ ಗುಂಡಿ ಇದೆ," ಎಂದ ದೊಡ್ಡೋನು.

ಗಂಡನನ್ನು ಒಂದು ವಿಷಯ ಕೇಳಬೇಕು ಎಂದು ಮಧ್ಯಾಹ್ನದಿಂದ ಮನಸ್ಸಿನಲ್ಲೇ ಅಭ್ಯಾಸ ಮಾಡುತ್ತಿದ್ದೆ. ಮೃದುವಾಗಿ, ಪ್ರೀತಿಯಿಂದ, ಬೇರೆ ಹೆಂಗಸರು ಕೇಳುವ ಹಾಗೆ. ಬಾಯಿ ತೆರೆದರೆ ಬಂದದ್ದು ಹೀಗೆ: "ಕೈ ತೊಳ್ಕೊ. ಬಚ್ಚಲಿಗೆ ಬಾ. ನನ್ನ ತಲೆಗೆ ನೀರು ಹಾಕ್ಬೇಕು. ಈಗ."

ಅವನು ಚೀಲ ಅಲ್ಲೇ ಬಿಟ್ಟು ನೆಟ್ಟಗೆ ನಿಂತ. ಶಿಕ್ಷೆಯೋ ಏನೋ ಎಂದುಕೊಂಡಿರಬೇಕು. "ನಂಗೆ ಬಗ್ಗಕ್ಕಾಗಲ್ಲ," ಎಂದು ಸೇರಿಸಿದೆ, ಈ ಸಲ ಸಣ್ಣ ದನಿಯಲ್ಲಿ. "ಆಸ್ಪತ್ರೆಯಿಂದ ಬಂದಾಗಿಂದ ತಲೆ ತೊಳ್ದಿಲ್ಲ. ಹೇಗೆ ಕೇಳೋದು ಅಂತ ಗೊತ್ತಾಗ್ಲಿಲ್ಲ."

ಕುರ್ಚಿಯನ್ನು ಬಚ್ಚಲ ತೊಟ್ಟಿಗೆ ಬೆನ್ನಾಗಿ ಇಟ್ಟ. ನಾನು ತಲೆ ಹಿಂದಕ್ಕೆ ಚೆಲ್ಲಿ ಕೂತೆ. ಜೀವನದಲ್ಲಿ ಇನ್ನೊಬ್ಬರ ತಲೆ ತೊಳೆದವನಲ್ಲ ಅವನು. ಯಂತ್ರದ ಉರುಳೆ ಉಜ್ಜುವ ಹಾಗೆ ಉಜ್ಜಿದ. ಮೊದಲು ನೀರು ತಣ್ಣಗಿತ್ತು, ಆಮೇಲೆ ಸುಟ್ಟಿತು. ಶಾಂಪೂ ಕಿವಿಗೆ ಹೋಯಿತು. "ಉಗುರು ತಾಗ್ತಿದೆ," ಎಂದೆ. "ಎಡಗಡೆ ಇನ್ನೂ ಉಳಿದಿದೆ," ಎಂದೆ. "ಅಷ್ಟೊಂದು ಹಾಕ್ಬೇಡ," ಎಂದೆ. ಸಹಾಯ ಕೇಳಲು ಕಲಿತಿದ್ದೆನೇ ಹೊರತು, ಬಾಯಿ ಮುಚ್ಚಿಕೊಂಡು ಮಾಡಿಸಿಕೊಳ್ಳಲು ಇನ್ನೂ ಕಲಿತಿರಲಿಲ್ಲ.

"ಮಿಸ್," ಎಂದ ಗಂಡ, "ಸ್ವಲ್ಪ ಸುಮ್ನೆ ಇರ್ತೀರಾ?"

ಕಣ್ಣು ಮುಚ್ಚಿದೆ. ಬೆಚ್ಚನೆ ನೀರು ನೆತ್ತಿಯಿಂದ ಇಳಿಯುತ್ತಿತ್ತು. ಹೊರಗೆ ಮಾವ ಪಾಪುವಿಗೆ ಲಿಫ್ಟಿನ ಮೋಟಾರು ಹೇಗೆ ಕೆಲಸ ಮಾಡುತ್ತದೆ ಎಂದು ಮೆಲುದನಿಯಲ್ಲಿ ವಿವರಿಸುತ್ತಿದ್ದರು. ದೊಡ್ಡೋನು ಬಚ್ಚಲ ಹೊಸ್ತಿಲಲ್ಲಿ ಮಗ್ಗು ಹಿಡಿದು ನಿಂತು, ತನ್ನ ಸರದಿ ಯಾವಾಗ ಎಂದು ಅಪ್ಪನನ್ನು ಪೀಡಿಸುತ್ತಿದ್ದ. ಸಿಕ್ಕ ಕೂಡಲೇ ಮಗ್ಗಿನ ತುಂಬ ನೀರನ್ನು ಗುರಿಯಿಟ್ಟು ನನ್ನ ಮೂಗಿನ ಮೇಲೇ ಹೊಯ್ದ.